ಷರಾ

ರಾಯಲ್ಪಾಡಿನ ಮುನಿಯಲ್ಲಪ್ಪ ಮೇಜಿನ ಮೇಲಿಟ್ಟದ್ದು ಐದು ಬಾಟಲಿ.
ಚೀಟಿ ಇಲ್ಲ. ಕುತ್ತಿಗೆಗೆ ಸುತ್ತಿದ ಹುರಿಯಲ್ಲಿ ಗಂಟು:
ಒಂದು ಗಂಟು ಹುಣಸೆ, ಎರಡು ಹೊಂಗೆ,
ಮೂರು ನೇರಳೆ, ನಾಲ್ಕು ನೀಲಗಿರಿ.
ಐದನೆಯದಕ್ಕೆ ಗಂಟು ಹಾಕಿಲ್ಲ, ಬೇಕೂ ಇಲ್ಲ:
ಬೋರಲು ಹಾಕಿದರೂ ಅಲುಗದ ಸೂರ್ಯಕಾಂತಿ,
ಚಳಿಗಾಲದ ತುಪ್ಪದಂತೆ.

“ಅಂಗಡಿಯೋನು ವಾಪಸ್ ಕೊಟ್ಟ ಕಣಮ್ಮ, ಸಕ್ಕರೆಪಾಕ ಅಂತ.
ನಾನೇನು ಹುಳಕ್ಕೆ ಪಾಕ ಕಲಿಸಿದ್ನಾ?”

ಟಮಕದ ಈ ಲ್ಯಾಬಿಗೆ ಬಂದು ಹನ್ನೊಂದು ವರ್ಷ.
ನೆಕ್ಕಿ ನೋಡುವಂತಿಲ್ಲ, ಅದು ನಿಯಮ.
ನೇರಳೆಯ ಒಗರು ನನಗೆ ಅಂಕಿಯಲ್ಲೇ ಗೊತ್ತು,
ಹುಣಸೆಯ ಹುಳಿ ಬ್ಯೂರೆಟ್ಟಿನ ಹನಿಗಳಲ್ಲಿ.
ಎಲ್ಲದರಲ್ಲೂ ಅವೇ ಎರಡು ಸಕ್ಕರೆ.
ಫ್ರಕ್ಟೋಸ್ ಮೇಲುಗೈಯಾದರೆ ಜೇನು ಹರಿಯುತ್ತಲೇ ಉಳಿಯುತ್ತದೆ.
ಗ್ಲುಕೋಸ್ ಹೆಚ್ಚೋ, ಒಂದು ಪರಾಗದ ಕಣ ಸಿಕ್ಕರೆ ಸಾಕು,
ಸುತ್ತ ಪಂಕ್ತಿ ಹಾಕಿ ಕೂತುಬಿಡುತ್ತದೆ,
ಏಳಿ ಎಂದರೂ ಏಳುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮುಳ್ಳುಮುಳ್ಳು ಉಂಡೆಗಳು, ಸೂರ್ಯಕಾಂತಿಯವೇ.
ನಡುವೆ ಮೂರು ಮೂಲೆಯದೊಂದು ನೀಲಗಿರಿ,
ದಾರಿ ತಪ್ಪಿ ಬಂದ ನೆಂಟ.
ತೇವ ಹದಿನೆಂಟೂವರೆ. ಡಯಾಸ್ಟೇಸ್ ಇದೆ, ಪ್ರೋಲೀನ್ ಇದೆ,
ಹೂವು ಕೊಟ್ಟದ್ದಲ್ಲ ಅವು, ಹುಳದ ಬಾಯಿಂದ ಬಂದವು.
ಬೇರೆ ಕಡೆ ಎಂಜಲಾದರೆ ಮೈಲಿಗೆ;
ಇಲ್ಲಿ ಎಂಜಲಿದ್ದರೇ ಅಸಲಿ.

ಆಮೇಲೆ ಈಥರ್, ಆಮೇಲೆ ರಿಸಾರ್ಸಿನಾಲ್.
ಕೊಳವೆಯ ತಳದಲ್ಲಿ ಕೆಂಪು.

“ಮುನಿಯಲ್ಲಪ್ಪ, ಇದನ್ನ ಕಾಯಿಸಿದ್ರಾ?”
ನೆಲ ನೋಡಿದರು.
“ಕರಗಲಿ ಅಂತ ಅಕ್ಕಯಮ್ಮ ಹಂಡೆಯ ಬಿಸಿನೀರಲ್ಲಿ ಇಟ್ಟಿದ್ಲು.
ಹರಿದ್ರೆ ತಾನೆ ಜೇನು ಅನ್ನೋದು ಜನ?
ಎರಡು ದಿನ ಹರೀತು. ಮತ್ತೆ ಗಟ್ಟಿ.”

ಬೆರಕೆಯ ಕೆಂಪು ನಿಲ್ಲುತ್ತದೆ, ಕಾದ ಜೇನಿನ ಕೆಂಪು ಬಂದು ಹೋಗುತ್ತದೆ.
ಪುಸ್ತಕದಲ್ಲಿ ಇಷ್ಟೇ ಇದೆ;
ನಡುವಿನ ನಿಮಿಷಗಳಲ್ಲಿ ಏನು ಮಾಡಬೇಕೆಂದು ಇಲ್ಲ.
ಕೊಳವೆ ಹಿಡಿದು ಕಿಟಕಿಯ ಹತ್ತಿರ ನಿಂತೆ.
ಅವರೂ ನಿಂತರು, ಒಣಗಿದ ಟವೆಲ್ಲನ್ನೇ ಹಿಂಡುತ್ತ.
ಹೊರಗೆ ಟೊಮೇಟೊ ಲಾರಿಗಳು, ಒಂದರ ಹಿಂದೆ ಒಂದು.
ಕೆಂಪು ನಸುಗೆಂಪಾಯಿತು, ನಸುಗೆಂಪು ಹಣ್ಣೆಲೆಯ ಬಣ್ಣವಾಯಿತು,
ಅದೂ ಹೋಯಿತು.

ಷರಾ ಕಾಲಂ ಎರಡು ಬೆರಳಗಲ.
ಬರೆದೆ: ಶುದ್ಧ. ಸ್ವಲ್ಪ ಕಾದಿದೆ.

ಓದಿಸಿಕೊಂಡು ನಕ್ಕರು: “ನಾನೂ ಕಾದಿದೀನಿ ಕಣಮ್ಮ,
ಬೆಳಗ್ಗೆ ಏಳೂವರೆಯಿಂದ. ಅದನ್ನೂ ಬರಿ.”

ನಾಲ್ಕು ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟರು.
ಐದನೆಯದರ ಮುಚ್ಚಳಕ್ಕೆ ಅಂಟಿದ್ದ ಹರಳನ್ನು
ಚಮಚದಲ್ಲಿ ಕೆರೆದು, ಬಾಗಿಲು ಹಾಕಿಕೊಂಡು, ನಿಯಮ ಮುರಿದೆ.
ನಾಲಿಗೆಯ ಮೇಲೆ ಮೊದಲು ಮರಳು,
ಆಮೇಲೆ ತಣ್ಣಗೆ.