ಸೀಟಿನ ಎತ್ತರ

ಘಟ್ಟದ ಮೇಲಿನವರು ನಗುತ್ತಾರೆ ನಮ್ಮ ಚಳಿಗೆ.
ಐಸ್ ಪ್ಲಾಂಟಿನ ಲೋಡರ್ ಯಮನೂರಪ್ಪ, ಕೊಪ್ಪಳದ ಕಡೆಯವನು,
ಬನಿಯನ್ನಿನಲ್ಲೇ ನಿಂತು ಕೇಳುತ್ತಾನೆ:
'ಇದಕ್ಕೂ ಥಂಡಿ ಅಂತೀರೇನ್ರೀ?'
ಹೌದು ಮಾರಾಯ, ಅಂತೇವೆ.
ಹನ್ನೊಂದು ತಿಂಗಳು ಬೆವರುವ ಊರಿಗೆ
ಪುಯಿಂತೆಲಿನ ಇಪ್ಪತ್ತು ದಿನ ಧಾರಾಳ ಆಯಿತು.

ಬೆಳಗಿನ ನಾಲ್ಕೂಕಾಲಕ್ಕೆ ನೇಜಾರಿನಿಂದ ಹೊರಟರೆ
ಉದ್ದಿನ ಗದ್ದೆಯ ಮೇಲೆ ಮಂಜು
ಎಬ್ಬಿಸಿದರೂ ಏಳದ ಮಗುವಿನ ಹಾಗೆ ಬಿದ್ದುಕೊಂಡಿರುತ್ತದೆ.
ಹ್ಯಾಂಡಲಿನ ಕಬ್ಬಿಣ ಅಂಗೈ ಕಚ್ಚುತ್ತದೆ.
ಬ್ರೇಕು ಹಿಡಿ ಅಂತ ಬೆರಳಿಗೆ ಹೇಳಿಕಳಿಸಬೇಕು,
ಸುದ್ದಿ ಮುಟ್ಟುವಷ್ಟರಲ್ಲಿ ತಿರುವು ದಾಟಿರುತ್ತದೆ.

ಡೈನಮೊ ಹಳೆಯದು. ತುಳಿದಷ್ಟೇ ಬೆಳಕು.
ಏರಿನಲ್ಲಿ ನಾನು ಏದುಸಿರು ಬಿಟ್ಟರೆ ದಾರಿಯೂ ಮಂಕು;
ಇಳಿಜಾರಿನಲ್ಲಿ ಬೇಡವೆಂದರೂ ಕಾಣುತ್ತದೆ ಎಲ್ಲ:
ಗೇರುಮರದ ಬುಡದಲ್ಲಿ ಸುರುಳಿ ಸುತ್ತಿದ ನಾಯಿ,
ಯಾರದೋ ಒಂಟಿ ಚಪ್ಪಲಿ,
ಬಾವಿಕಟ್ಟೆಯ ಕೊಡಪಾನದಿಂದ ಏಳುವ ಹಬೆ.
ಬೆನ್ನಿಗೆ ಮೂಡುಗಾಳಿ. ಅದಕ್ಕೂ ಕಡಲಿಗೇ ಹೋಗಬೇಕು,
ಆದರೆ ಅದಕ್ಕೆ ಹಾಜರಿ ಪುಸ್ತಕ ಇಲ್ಲ.

ಇಷ್ಟು ಚಳಿ ದಾಟಿ ನಾನು ಹೋಗುವುದು
ಚಳಿ ತಯಾರು ಮಾಡುವಲ್ಲಿಗೆ.
ಉಪ್ಪುನೀರಿನ ತೊಟ್ಟಿ, ಸಾಲಾಗಿ ಕ್ಯಾನುಗಳು,
ಮೂಗಿಗೆ ಗುದ್ದುವ ಅಮೋನಿಯಾ.
ಯಂತ್ರಕ್ಕೆ ಈ ತಿಂಗಳು ಬಹಳ ಪ್ರೀತಿ;
ನೀರು ಬೇಗ ಗಟ್ಟಿಯಾಗುತ್ತದೆ, ಮೀಟರು ಕಮ್ಮಿ ತಿರುಗುತ್ತದೆ,
ಧಣಿಗಳು ಒಂದೆರಡು ಸಲ ನಕ್ಕದ್ದೂ ಉಂಟು.

ಸೈಕಲ್ ನನ್ನದು. ಮೈಮೇಲಿನ ಸ್ವೆಟರ್ ವಲೇರಿಯನ್‌ದು,
ಅವನ ಅಕ್ಕ ಕುವೈತಿನಿಂದ ಕಳಿಸಿದ್ದು.
ಐದಕ್ಕೆ ಅವನ ರಾತ್ರಿ ಮುಗಿದು ನನ್ನ ಹಗಲು ಶುರು.
'ಪ್ರೆಶರ್ ಸರಿ ಉಂಟು. ಎರಡನೇ ತೊಟ್ಟಿ ಸೋರ್ತದೆ, ನೋಡಿಕೋ.'
ನಾನು ಸ್ವೆಟರ್ ಕಳಚಿ ಕೊಡುತ್ತೇನೆ.
ನನ್ನ ಮೈಯ ಬಿಸಿ ಆರುವ ಮೊದಲೇ ಅದರೊಳಗೆ ತೂರಿಕೊಂಡು
ಸ್ಪಾನರಿನಿಂದ ಸೀಟನ್ನು ಎರಡು ಬೆರಳು ಏರಿಸಿ
ತೊಟ್ಟಂ ಕಡೆಗೆ ಹೊರಡುತ್ತಾನೆ ಆ ಉದ್ದ ಕಾಲಿನವನು.
ಸಂಜೆ ಐದಕ್ಕೆ ಎರಡನ್ನೂ ತಂದು ಒಪ್ಪಿಸುತ್ತಾನೆ.
ನಾನು ಸೀಟು ಎರಡು ಬೆರಳು ಇಳಿಸುತ್ತೇನೆ.

ಆರು ವರ್ಷದಲ್ಲಿ ನಾವು ಒಟ್ಟಿಗೆ ಕೂತು ಚಾ ಕುಡಿದದ್ದಿಲ್ಲ.
ಅವನಿಗೆ ಮಕ್ಕಳೆಷ್ಟು ಎಂದು ಕೇಳಿದರೆ
ಎರಡೋ ಮೂರೋ, ತಡವರಿಸುತ್ತೇನೆ.
ಆದರೆ ಕಾಲರಿನಲ್ಲಿ ಅವನ ಬೀಡಿಯೂ ನನ್ನ ತಲೆಯ ಎಣ್ಣೆಯೂ
ಯಾವುದು ಯಾವುದೆಂದು ತಿಳಿಯದ ಹಾಗೆ ಕೂಡಿಹೋಗಿವೆ.
ಒಮ್ಮೆ ಅವನಿಗೆ ಜ್ವರ ಬಂದದ್ದು
ಅವನು ಹೇಳುವ ಮೊದಲೇ ನನಗೆ ತೋಳಿನಲ್ಲಿ ಗೊತ್ತಾಗಿತ್ತು.

ಮೊನ್ನೆ ಮಂಗಳವಾರ ಗೇಟಿನ ಒಳಗೆ
ಒಂದು ನೀಲಿ ಸ್ಕೂಟರು ನಿಂತಿತ್ತು, ಹಳೆಯದು,
ಮಗ ತಂದುಬಿಟ್ಟು ಹೋದದ್ದಂತೆ.
'ಮೊಣಕಾಲು ಕೇಳುವುದಿಲ್ಲ ದೂಮಾ,' ಅಂದ ವಲೇರಿಯನ್,
ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.
ಒಳ್ಳೆಯದಾಯಿತು ಬಿಡು, ಅಂದೆ. ಟಯರು ಒತ್ತಿ ನೋಡಿದೆ.
ಸ್ವೆಟರ್ ಕಳಚಲು ತಲೆಯವರೆಗೆ ಎಳೆದಿದ್ದೆ,
ಉಣ್ಣೆಯ ಕತ್ತಲೆಯ ಆಚೆಯಿಂದ ಕೇಳಿಸಿತು:
'ನಿನ್ನಲ್ಲೇ ಇರಲಿ. ನನಗೆ ಜಾಕೀಟು ಉಂಟು.'
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ, ಕೈ ಮೇಲೆತ್ತಿಕೊಂಡು.

ಹಗಲೆಲ್ಲ ಸೈಕಲು ಶೆಡ್ಡಿನ ಗೋಡೆಗೆ ಒರಗಿತ್ತು,
ಕೆಲಸವಿಲ್ಲದ ನೆಂಟನಂತೆ.
ಯಮನೂರಪ್ಪ ಅದರ ಕ್ಯಾರಿಯರಿಗೆ ಗೋಣಿ ಒಣಹಾಕಿದ್ದ.
ಸಂಜೆ ಗೋಣಿ ಸರಿಸಿ, ಸ್ಪಾನರು ತೆಗೆದು, ಬಗ್ಗಿದೆ.

ಸೀಟು ನನ್ನ ಎತ್ತರಕ್ಕೇ ಇತ್ತು.

ಬಗ್ಗಿದ್ದು ಬಗ್ಗಿ ಆಯಿತಲ್ಲ ಅಂತ
ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ
ಹೊರಟೆ.