ಮುಳ್ಳಿನಿಂದ ಮೂಳೆಗೆ

ಗ್ರಿಮ್ಸ್‌ಬಿಯ ಮೀನುಮನೆಯಲ್ಲಿ ಹದಿನೇಳು ವರ್ಷ
ಹ್ಯಾಡಕ್ ಮೀನಿನ ಮುಳ್ಳು ಕಿತ್ತವಳು ನಾನು, ಲೋರ್ನಾ ಸ್ಟಬ್ಸ್.
ಬೆರಳ ತುದಿಯಲ್ಲೇ ಕಣ್ಣು.
ಸಿಕ್ಕ ಮುಳ್ಳು ತಗಡಿನ ತಟ್ಟೆಗೆ ಬಿದ್ದರೆ ಟಿಣ್,
ಎದುರು ಸಾಲಿನಿಂದ ಗ್ಲೆನಿಸಳ ಟಿಣ್.
ನಾವು ಮಾತಾಡುತ್ತಿದ್ದುದೇ ಹಾಗೆ.

ಆಮೇಲೆ ಒಂದು ಪೆಟ್ಟಿಗೆ ಬಂತು.
ಅದರ ಹೊಟ್ಟೆಯೊಳಗೆ ಮೀನು ಹಾದರೆ
ಪರದೆಯ ಮೇಲೆ ಮುಳ್ಳು ಒಂದೊಂದೂ ಎಣಿಸುವ ಹಾಗೆ.
ನನ್ನ ಕೈಗೆ ತಪ್ಪಿದ್ದೂ ಅದಕ್ಕೆ ತಪ್ಪಲಿಲ್ಲ,
ಸುಳ್ಳೇಕೆ ಹೇಳಲಿ.
ಆರು ಜನ ನಿಂತಿದ್ದ ಜಾಗದಲ್ಲಿ ಒಂದು ಕುರ್ಚಿ,
ಕುರ್ಚಿಯಲ್ಲಿ ಡ್ಯಾರಿಲ್.
ಕೊನೆಯ ದಿನ ಕೇಳಿದೆ: ಏನಿದು?
ಎಕ್ಸ್-ರೇ ಕಣೇ, ಆಸ್ಪತ್ರೆಯಲ್ಲಿರುತ್ತಲ್ಲ, ಅದೇ.

ಅದೇ ಅಂತ ಮನೆಯವರೆಗೂ ಅಂದುಕೊಂಡು ಹೋದೆ.

ಬೇಕಾದದ್ದು ಏನೇನು ಎಂದು ಕೇಳಿದ್ದಕ್ಕೆ
ಕಾಲೇಜಿನ ಹುಡುಗ ಬೆರಳು ಮಡಚಿದ.
ಮೊದಲು ಗಣಿತ.
ಹದಿನಾರಕ್ಕೆ ನಪಾಸಾದ ಗಣಿತ
ನಲವತ್ತೊಂದಕ್ಕೆ ಅದೇ ಬೆಂಚಿನಲ್ಲಿ ಕಾದು ಕೂತಿತ್ತು,
ಪಕ್ಕದಲ್ಲಿ ನನ್ನ ಮಗಳ ಗೆಳತಿ,
ಚೂಯಿಂಗ್ ಗಮ್ ಜಗಿಯುತ್ತ ಭಿನ್ನರಾಶಿ ಹೇಳಿಕೊಟ್ಟಳು.
ಆಮೇಲೆ ಭೌತಶಾಸ್ತ್ರ:
ದೂರ ಎರಡು ಪಟ್ಟಾದರೆ ಕಿರಣದ ಪೆಟ್ಟು ಕಾಲು ಭಾಗ.
ಗಂಡನ ವಿಷಯದಲ್ಲಿ ಇದು ನನಗೆ ಮೊದಲೇ ತಿಳಿದಿತ್ತು.
ಕಾಮಾಲೆಯ ಚುಚ್ಚುಮದ್ದು ಮೂರು ಸಲ.
ಪೋಲೀಸರಿಂದ ಒಂದು ಕಾಗದ, ಇವಳು ನೆಟ್ಟಗಿನವಳು ಎಂದು.
(ಹದಿನಾಲ್ಕರಲ್ಲಿ ಕದ್ದ ಲಿಪ್‌ಸ್ಟಿಕ್
ಯಾರ ಕಡತದಲ್ಲೂ ಇರಲಿಲ್ಲ, ದೇವರು ದೊಡ್ಡವನು.)

ಸಂದರ್ಶನಕ್ಕೆ ಮೂವರು.
ಸೇವೆ, ಮಾನವೀಯತೆ, ಎಲ್ಲ ಬಾಯಿಪಾಠ ಮಾಡಿದ್ದೆ.
ಬಾಯಿಂದ ಬಿದ್ದದ್ದು ಮಾತ್ರ:
ನನ್ನ ಕೆಲಸ ಕಿತ್ತುಕೊಂಡ ಪೆಟ್ಟಿಗೆಯ
ಆ ಕಡೆ ನಿಲ್ಲಬೇಕು ನನಗೆ.
ಯಾರೂ ನಗಲಿಲ್ಲ.
ಶ್ರೀಮತಿ ಅಡೆಬಾಂಜೊ ಕನ್ನಡಕ ತೆಗೆದು ಕೇಳಿದರು:
ಮೇಜಿನ ಮೇಲೆ ಮಲಗಿದ ಮುದುಕ ಉಚ್ಚೆ ಹೊಯ್ದುಕೊಂಡರೆ
ಮೊದಲು ಏನು ಮಾಡ್ತೀಯ?
ಬಾಗಿಲು ಮುಚ್ತೀನಿ, ಅಂದೆ.
ಅವರು ಏನೋ ಬರೆದುಕೊಂಡರು, ಸಣ್ಣದು.

ಇನ್ನೂರ ಆರು ಮೂಳೆ.
ಬಸ್ಸಿನಲ್ಲಿ, ಬಚ್ಚಲಲ್ಲಿ, ಇಸ್ತ್ರಿ ಮಾಡುತ್ತ
ಮಣಿಕಟ್ಟಿನ ಎಂಟರಲ್ಲಿ ಒಂದು ಯಾವಾಗಲೂ ಮರೆತುಹೋಗುತ್ತಿತ್ತು.
ಪ್ಲಾಸ್ಟಿಕ್ ಮಾಂಸದೊಳಗಿನ ಗೊಂಬೆಯ ಕೈಗೆ
ನೋವಾಗದಂತೆ ಅಂಗೈ ತಿರುಗಿಸುವುದು ಕಲಿತೆ.
ಎಡಕ್ಕೊಂದು ಬಲಕ್ಕೊಂದು ಸೀಸದ ಗುರುತು,
ಪಕ್ಕದಲ್ಲಿ ನನ್ನ ಹೆಸರಿನ ಎರಡಕ್ಷರ:
ತಪ್ಪಾದರೆ ತಪ್ಪು ನನ್ನದೇ.
ಎದೆಗೊಂದು ಬಿಲ್ಲೆ,
ನನಗೆ ತಾಗಿದ ಕಿರಣದ ಲೆಕ್ಕವಿಡುವುದಕ್ಕೆ.
ಮೂವತ್ತು ದಿನಕ್ಕೊಮ್ಮೆ ಯಾರೋ ಅದನ್ನು ಓದುತ್ತಾರಂತೆ.
ಹದಿನೇಳು ವರ್ಷ ಮಂಜುಗಡ್ಡೆಯಲ್ಲಿ ಅದ್ದಿದ ಬೆರಳಿನ
ಚಳಿಯ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಎರಡನೆಯ ವರ್ಷ, ಪರೀಕ್ಷಕಿ ಹಿಂದೆ ನಿಂತ ದಿನ
ಒಳಗೆ ಬಂದದ್ದು ಗ್ಲೆನಿಸ್.
ಕೆಮ್ಮು, ಎರಡು ತಿಂಗಳಿಂದ.
ಹೆಸರು, ಹುಟ್ಟಿದ ದಿನ, ವಿಳಾಸ ಕೇಳಿದೆ,
ಅವಳ ಮದುವೆಯಲ್ಲಿ ಕುಣಿದವಳು ನಾನು, ಆದರೂ ಕೇಳಬೇಕು.
ಗಲ್ಲ ಮೇಲೆತ್ತು, ಹೆಗಲು ಮುಂದಕ್ಕೆ ತಾ,
ಉಸಿರೆಳೆದುಕೋ, ಹಾಗೇ ಇರು.
ಗೋಡೆಯಾಚೆ ಹೋಗಿ ಗುಂಡಿ ಒತ್ತಿದೆ.

ಬಲಗಡೆ, ಮೇಲೆ,
ಹ್ಯಾಡಕ್ಕಿನ ಕಣ್ಣಿನಷ್ಟು ಬಿಳಿ.

ಏನಾದರೂ ಸಿಕ್ಕಿತೇನೇ, ಅಂತ ಅವಳು,
ಹಳೆಯ ಸಾಲಿನಿಂದ ಕೂಗುತ್ತಿದ್ದ ಹಾಗೆಯೇ.
ಕಂಡದ್ದನ್ನು ಹೇಳುವುದು ನನ್ನ ಕೆಲಸವಲ್ಲ,
ಮೊದಲ ವಾರವೇ ಕಲಿಸಿದ ಪಾಠ,
ಗಣಿತಕ್ಕಿಂತ ಸುಲಭ ಎಂದುಕೊಂಡಿದ್ದೆ.
ಚಿತ್ರ ಚೆನ್ನಾಗಿ ಬಂದಿದೆ, ಡಾಕ್ಟರು ನೋಡಿ ಹೇಳ್ತಾರೆ, ಅಂದೆ.
ಸಿಕ್ಕಿದ್ದನ್ನು ಕಿತ್ತು ತಟ್ಟೆಗೆಸೆದು ಗೊತ್ತಿದ್ದ ಕೈ
ಅವಳ ಸ್ವೆಟರಿನ ಗುಂಡಿ ಹಾಕಿತು, ಮೇಲಿನದು,
ಆಮೇಲೆ ಅದರ ಕೆಳಗಿನದು.
ನಿನ್ನ ಕೈ ಬೆಚ್ಚಗಾಗಿದೆಯಲ್ಲೇ, ಅಂದಳು.

ಪರೀಕ್ಷಕಿಯ ಹಾಳೆಯಲ್ಲಿ ಟಿಕ್ಕು:
ರೋಗಿಯೊಡನೆ ಮಾತುಕತೆ, ತೃಪ್ತಿಕರ.