ಒಡೆದದ್ದು ಒಂದು

ಹಾಜರಿ ಮೂವತ್ತೊಂದು.
ಸಾರಿಗೆ ಒಂದು ಚೊಂಬು ನೀರು ಹುಯ್ಯಬಹುದು,
ಅನ್ನ ಒಂದು ಹಿಡಿ ಅತ್ತಿತ್ತ ಮಾಡಬಹುದು.
ಮೊಟ್ಟೆ ಹಿಗ್ಗುವುದಿಲ್ಲ.

ಮೊಫಿದಾ ಅಸ್ಸಾಮಿನವಳು. ಹಾನುಬಾಳಿನ ತೋಟದ ಲೈನಿನಿಂದ
ತಟ್ಟೆ ಹಿಡಿದುಕೊಂಡೇ ಬರುತ್ತಾಳೆ.
ಆಧಾರ್ ಇಲ್ಲ, ಟಿ.ಸಿ. ಇಲ್ಲ,
ಕಂಪ್ಯೂಟರಿನಲ್ಲಿ ಅವಳಿಗೆ ಹಸಿವಿಲ್ಲ.

ತೀರ್ಥೇಶ್ ಮೇಷ್ಟ್ರು ಸೀಮೆಸುಣ್ಣದ ಕೈಯಲ್ಲೇ
ಸ್ಟಾಕ್ ಬುಕ್ಕು ತೆರೆದು ಬರೆದರು:
ತಂದದ್ದು ಮೂವತ್ತೆರಡು. ಒಡೆದದ್ದು ಒಂದು.

"ಪ್ರತಿ ವಾರ ಲೆಕ್ಕ ಹಾಕಿದ ಹಾಗೆ
ಒಂದೇ ಒಡೆಯುತ್ತಲ್ಲಮ್ಮ?"
ತಾಲ್ಲೂಕು ಆಫೀಸಿನವರು ಕೇಳಿದರು.
ಜವರಮ್ಮ ಸೌಟು ಕೆಳಗಿಡಲಿಲ್ಲ:
"ನಮ್ಮೂರ ರಸ್ತೆಯಲ್ಲೇ ಬಂದ್ರಲ್ಲ ಸಾ."

ಕಾಫಿ ಕೊಯ್ಲು ಮುಗಿಯಿತು. ಲೈನು ಖಾಲಿ.
ರಸ್ತೆ ಹಾಗೇ ಇದೆ, ಅದೇ ಗುಂಡಿ, ಅದೇ ಆಟೋ.
ಜವರಮ್ಮ ಎರಡು ಸಲ ಎಣಿಸಿದಳು.
ಈ ವಾರ ಯಾವುದೂ ಒಡೆದಿಲ್ಲ.